ಲ್ಯಾಪ್‌ಟಾಪ್ ಕೊಟ್ಟರೆ ಸಾಲದು, ಕಲಿಸುವವರೂ ಬೇಕು

ಮುಂಬಯಿ: ಬಡ ವಿದ್ಯಾರ್ಥಿಯ ಕೈಗೆ ಲ್ಯಾಪ್‌ಟಾಪ್ ಇತ್ತರೆ ವಿದ್ಯೆ ತಾನಾಗಿ ಒಲಿಯುವುದೇ? ನೋಟ್‌ಬುಕ್ ವಿತರಣೆಯಿಂದ ಒಂದು ಹೆಜ್ಜೆ ಮುಂದಿಟ್ಟು ಟ್ಯಾಬ್, ಲ್ಯಾಪ್‌ಟಾಪ್ ನೀಡಬಯಸುವ ಸಂಘ-ಸಂಸ್ಥೆಗಳ ಪದಾಧಿಕಾರಿಗಳು ದಾನಿಗಳನ್ನು ಸಂಪರ್ಕಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

ದಕ್ಷಿಣ ಅಮೆರಿಕದ ಪೆರು ದೇಶವು 'ಮಗುವಿಗೊಂದು ಲ್ಯಾಪ್‌ಟಾಪ್' ಯೋಜನೆಯಡಿ ಎಂಟು ಲಕ್ಷಕ್ಕೂ ಅಧಿಕ ಯಂತ್ರಗಳನ್ನು ಹಂಚಿತ್ತು. ಅಲ್ಲಿನ 319 ಶಾಲೆಗಳಲ್ಲಿ ನಡೆದ ಅಧ್ಯಯನದ ವರದಿ 2012ರಲ್ಲಿ ಹೊರಬಂತು. ಮಕ್ಕಳ ಕಂಪ್ಯೂಟರ್ ಬಳಕೆ ಹೆಚ್ಚಿದ್ದರೂ ಗಣಿತ ಮತ್ತು ಭಾಷೆಯ ಕಲಿಕೆಯಲ್ಲಿ ಸುಧಾರಣೆ ಕಂಡುಬರಲಿಲ್ಲ. ಇದೇ ಯೋಜನೆ 2007ರಲ್ಲಿ ರಾಯಗಡ ಜಿಲ್ಲೆಯ ಕರ್ಜತ್ ಬಳಿಯ ಖೈರಾಟ್‌ನ ಪುಟ್ಟ ಶಾಲೆಗೂ ಬಂದಿತ್ತು.

ಉಪಯುಕ್ತವೆನಿಸಿದರೆ ಹಾಗೂ ಬಳಕೆ ಸುಲಭವೆನಿಸಿದರೆ ಮಾತ್ರ ಜನರು ಹೊಸ ತಂತ್ರಜ್ಞಾನವನ್ನು ಒಪ್ಪಿಕೊಳ್ಳುತ್ತಾರೆಂದು ಅಮೆರಿಕದ ವಿದ್ವಾಂಸ ಫ್ರೆಡ್ ಡೇವಿಸ್ 1989ರಲ್ಲಿ ಪ್ರತಿಪಾದಿಸಿದ್ದರು. ಅಭಿವೃದ್ಧಿಶೀಲ ದೇಶಗಳಲ್ಲಿ ವಿದ್ಯುತ್, ಇಂಟರ್‌ನೆಟ್, ಮನೆಯ ಆದಾಯ ಮತ್ತು ಭಾಷೆಯ ತೊಡಕುಗಳೂ ಇದಕ್ಕೆ ಸೇರುತ್ತವೆ. ಕೇಂದ್ರ ಸರಕಾರದ 2017-18ರ ಸಮೀಕ್ಷೆಯಂತೆ ಇಂಟರ್‌ನೆಟ್ ಸೌಲಭ್ಯವಿದ್ದುದು ನಗರದ ಶೇ. 42ರಷ್ಟು ಮನೆಗಳಲ್ಲಿ ಮತ್ತು ಗ್ರಾಮೀಣ ಪ್ರದೇಶದ ಶೇ. 15ರಷ್ಟು ಮನೆಗಳಲ್ಲಿ ಮಾತ್ರ. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಇದರ ಬಿಸಿ ತಟ್ಟಿತು. ಮನೆಗೊಂದೇ ಮೊಬೈಲ್ ಇದ್ದಲ್ಲಿ, ತಂದೆ ಅದನ್ನು ಹಿಡಿದು ಕೆಲಸಕ್ಕೆ ಹೋದರೆ ಮಕ್ಕಳ ಪಾಠ ಅಲ್ಲಿಗೇ ನಿಂತಿತು.

ಆ ಬಳಿಕ ಮೊಬೈಲ್ ಬಹುತೇಕ ಮನೆಗಳನ್ನು ತಲುಪಿದೆ. ಆದರೆ ಸಿನಿಮಾ ನೋಡಬಲ್ಲ ಹುಡುಗನಿಗೆ ವಿದ್ಯಾರ್ಥಿವೇತನದ ಅರ್ಜಿ ತುಂಬಿಸಲು ಬಾರದಿದ್ದರೆ ಪ್ರಯೋಜನವೇನು? ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಇಂಗ್ಲಿಷ್ ಪರದೆಯ ಅಳುಕು ಬೇರೆ. 'ನುಡಿ', 'ಬರಹ' ತಂತ್ರಾಂಶಗಳು ಬಂದು ವರ್ಷಗಳೇ ಸಂದಿವೆ. ಆದರೂ ಕನ್ನಡದಲ್ಲಿ ಟೈಪ್ ಮಾಡಲು ಯಾರಾದರೂ ಪಕ್ಕದಲ್ಲಿ ಕುಳಿತು ತೋರಿಸಿಕೊಡಬೇಕು.

ಇಲ್ಲಿಯೇ ಸಂಘಗಳ ಪಾತ್ರ ಹಿರಿದು. ಸಭಾಗೃಹ, ನಿವೃತ್ತ ಶಿಕ್ಷಕರು, ಐಟಿ ಉದ್ಯೋಗದಲ್ಲಿರುವ ಯುವಕ-ಯುವತಿಯರು ಸಮಾಜದಲ್ಲಿಯೇ ಇದ್ದಾರೆ. ಹತ್ತು ಮಂದಿಗೆ ಯಂತ್ರ ಹಂಚುವ ಹಣದಲ್ಲಿ ಐದನ್ನು ಸಂಘದ ಕಚೇರಿಯಲ್ಲಿಟ್ಟು, ವಾರಕ್ಕೆ ಎರಡು ಸಂಜೆ ತರಗತಿ ನಡೆಸಿದರೆ ಹೆಚ್ಚಿನ ಮಕ್ಕಳಿಗೆ ಅನುಕೂಲವಾದೀತು. ಮನೆಯಲ್ಲಿ ಮೊಬೈಲ್ ಸಿಗದ ಹೆಣ್ಣುಮಕ್ಕಳಿಗೆ ಮೊದಲ ಆದ್ಯತೆ ದೊರೆಯಲಿ. ವೇದಿಕೆಯಲ್ಲಿ ವಿತರಿಸಿದ ಯಂತ್ರ ವರ್ಷದ ಬಳಿಕ ಬಳಕೆಯಲ್ಲಿದೆಯೇ ಎಂಬುದನ್ನು ಮುಂದಿನ ವಾರ್ಷಿಕ ಮಹಾಸಭೆಯ ವರದಿಯಲ್ಲಿ ಸೇರಿಸುವುದೂ ಅಗತ್ಯ.