ಸೈಕಲ್ಲಿನ ಚೌಕಟ್ಟು: ಲೋಹವೋ, ಎಳೆಯೋ?



ಆಯುಷ್ಯವೆಲ್ಲ ಕನ್ನಡ ಪಾಠ ಹೇಳಿ ನಿವೃತ್ತನಾದವನು ಸೈಕಲ್ಲಿನ ಚೌಕಟ್ಟನ್ನು ಕುರಿತು ಮಾತನಾಡಲು ಹೊರಟಿರುವುದು ನಿಮಗೆ ವಿಚಿತ್ರವೆನಿಸಬಹುದು. ಇದಕ್ಕೆ ಕಾರಣನಾದವನು ಅಜ್ಜಂಪುರ ತಾಲ್ಲೂಕಿನ ಬುಕ್ಕಾಂಬುಧಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿ. ಈಗ ಕೃಷಿಕನಾಗಿರುವ ಆತ ಕಳೆದ ವರ್ಷ ತನ್ನ ಮಗಳನ್ನು ಕರೆದುಕೊಂಡು ನನ್ನಲ್ಲಿಗೆ ಬಂದ. ಆಕೆ ಪಂದ್ಯಗಳಲ್ಲಿ ಸೈಕಲ್ ತುಳಿಯುವವಳು. ಕಾರ್ಬನ್ ಚೌಕಟ್ಟಿನ ಸೈಕಲ್ಲೇ ಬೇಕೆಂಬುದು ಆಕೆಯ ಹಟ. ಅಲ್ಯೂಮಿನಿಯಂ ಸಾಲದೇ ಎಂಬುದು ತಂದೆಯ ಅಳುಕು. ಎರಡರ ಬೆಲೆಗೂ ನಡುವಣ ಅಂತರವೆಂದರೆ ಆ ಮನೆಯ ಒಂದು ವರ್ಷದ ಈರುಳ್ಳಿಯ ಗಳಿಕೆ. “ನೀವು ಹೇಳಿದಂತೆ ಆಗಲಿ, ಮೇಷ್ಟ್ರೇ” ಎಂದು ಇಬ್ಬರೂ ಕುಳಿತುಬಿಟ್ಟರು. ತಿಳಿಯದ ವಿಷಯದಲ್ಲಿ ತೀರ್ಪು ಕೊಡುವುದು ಸಲ್ಲದು. ಒಂದು ವಾರದ ಅವಧಿ ಬೇಡಿ, ಓದಿ, ಬಲ್ಲವರನ್ನು ವಿಚಾರಿಸಿ ಕಂಡುಕೊಂಡದ್ದನ್ನೇ ಈಗ ನಿಮ್ಮ ಮುಂದಿಡುತ್ತಿದ್ದೇನೆ.

ನನ್ನ ಬಾಲ್ಯದ ಸೈಕಲ್ಲುಗಳೆಲ್ಲ ಉಕ್ಕಿನವು. ಉಕ್ಕು ನಮ್ಮ ಸೀಮೆಗೆ ಹೊಸದಲ್ಲ. ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿ ಭದ್ರಾವತಿಯಲ್ಲಿ ಕಬ್ಬಿಣ ತೆಗೆಯತೊಡಗಿದ್ದು 1923ರಲ್ಲಿ. ಉಕ್ಕಿನ ಗುಣ ಗಟ್ಟಿತನ, ದೋಷ ತೂಕ. ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.8 ಗ್ರಾಂ ತೂಗಿದರೆ ಅಷ್ಟೇ ಗಾತ್ರದ ಅಲ್ಯೂಮಿನಿಯಂ 2.7 ಗ್ರಾಂ ಮಾತ್ರ ತೂಗುತ್ತದೆ. ಹಾಗಾದರೆ ಅಲ್ಯೂಮಿನಿಯಮ್ಮೇ ಮೇಲಲ್ಲವೇ ಎಂದು ಕೇಳಬಹುದು. ಅವಸರ ಬೇಡ. ಅದರ ತೂಕ ಮೂರನೆಯ ಒಂದು ಪಾಲಾದಂತೆ ಬಾಗದೆ ನಿಲ್ಲುವ ಬಿಗಿತವೂ ಮೂರನೆಯ ಒಂದು ಪಾಲೇ. ಉಕ್ಕಿನ ಕೊಳವೆಯ ಅಳತೆಯಲ್ಲೇ ಅಲ್ಯೂಮಿನಿಯಂ ಕೊಳವೆ ಮಾಡಿದರೆ ಸವಾರನ ಕಾಲಿನ ಬಲಕ್ಕೆ ಅದು ಬಳುಕುತ್ತದೆ.

ಇದಕ್ಕೆ ಕುಶಲಿಗಳು ಕಂಡುಕೊಂಡ ಉಪಾಯ ಸರಳವಾದುದು. ಅಷ್ಟೇ ಲೋಹವನ್ನು ತೆಳುವಾಗಿಸಿ ಕೊಳವೆಯ ಅಡ್ಡಳತೆಯನ್ನು ಇಮ್ಮಡಿ ಮಾಡಿದರೆ ಬಿಗಿತ ನಾಲ್ಮಡಿಯಾಗುತ್ತದೆ. ಅಲ್ಯೂಮಿನಿಯಂ ಸೈಕಲ್ಲುಗಳ ಕೊಳವೆಗಳು ದಪ್ಪಗೆ ಕಾಣುವ ಗುಟ್ಟು ಇದೇ. ಇನ್ನು ಆ ಲೋಹವೂ ಶುದ್ಧ ಅಲ್ಯೂಮಿನಿಯಂ ಅಲ್ಲ. ಮೆಗ್ನೀಸಿಯಂ, ಸಿಲಿಕಾನ್ ಮೊದಲಾದವನ್ನು ಬೆರೆಸಿ, ಕಾಯಿಸಿ ಹದಗೊಳಿಸಿದ ಮಿಶ್ರಲೋಹ.

ಕಾರ್ಬನ್ನಿನ ಮಾತೇ ಬೇರೆ. ಅದು ಎರಕ ಹೊಯ್ದ ವಸ್ತುವಲ್ಲ, ನೂಲಿನ ವಸ್ತು. ಒಂದು ಬಗೆಯ ಕೃತಕ ನೂಲನ್ನು ಗಾಳಿಯ ಆಮ್ಲಜನಕ ತಾಗದಂತೆ ಅತಿಶಯವಾಗಿ ಕಾಯಿಸಿದಾಗ ಇಂಗಾಲದ ಎಳೆ ಮಾತ್ರ ಉಳಿಯುತ್ತದೆ. ತಲೆಗೂದಲಿನ ಹತ್ತರಲ್ಲೊಂದು ಪಾಲಿನಷ್ಟು ಸಪೂರವಾದ ಈ ಎಳೆಗಳನ್ನು ರಾಳದಲ್ಲಿ ನೆನೆಸಿ, ಪದರದ ಮೇಲೆ ಪದರ ಹೊದಿಸಿ, ಅಚ್ಚಿನಲ್ಲಿ ಬೇಯಿಸುತ್ತಾರೆ. ನಮ್ಮ ತೋಟದ ಅಡಕೆಯ ಹಾಳೆಯನ್ನು ನೆನಪಿಸಿಕೊಳ್ಳಿ. ನಾರಿನ ಜಾಡು ಹಿಡಿದರೆ ಮಗುವೂ ಅದನ್ನು ಸೀಳಬಲ್ಲದು. ನಾರಿಗೆ ಅಡ್ಡಲಾಗಿ ಹರಿಯಲು ಹೋದರೆ ಜಟ್ಟಿಯೂ ಸೋಲುತ್ತಾನೆ. ಆದುದರಿಂದಲೇ ಪದರಗಳನ್ನು ಉದ್ದಕ್ಕೆ, ಅಡ್ಡಕ್ಕೆ, ಓರೆಗೆ ಇಡುತ್ತಾರೆ. ಬಿಗಿತ ಬೇಕಾದೆಡೆ ಬಿಗಿತವನ್ನೂ ಮೆದುತನ ಬೇಕಾದೆಡೆ ಮೆದುತನವನ್ನೂ ಹೀಗೆ ಹೊಂದಿಸಬಹುದು. 2001ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿದ ತೇಜಸ್ ಯುದ್ಧವಿಮಾನದ ಹೊರಮೈ ಬಹುಪಾಲು ಇಂಥ ಎಳೆಯದೇ.

ಪಂದ್ಯಗಳ ಇತಿಹಾಸ ಏನು ಹೇಳುತ್ತದೆ? 1986ರಲ್ಲಿ ಗ್ರೆಗ್ ಲೆಮಾಂಡ್ ಟೂರ್ ದ ಫ್ರಾನ್ಸ್ ಗೆದ್ದದ್ದು ಕಾರ್ಬನ್ ಸೈಕಲ್ಲಿನ ಮೇಲೆ. ಆದರೆ ಹನ್ನೆರಡು ವರ್ಷಗಳ ತರುವಾಯ, 1998ರಲ್ಲಿ, ಮಾರ್ಕೊ ಪಾಂತಾನಿ ಅದೇ ಪಂದ್ಯವನ್ನು ಅಲ್ಯೂಮಿನಿಯಂ ಸೈಕಲ್ಲಿನ ಮೇಲೆ ಗೆದ್ದ. ಇಂದು ಆ ಮಟ್ಟದ ಸವಾರರೆಲ್ಲ ಕಾರ್ಬನ್ನನ್ನೇ ಏರುತ್ತಾರೆಂಬುದು ನಿಜ. ಆದರೆ ಅವರ ಸೈಕಲ್ ಕೆಟ್ಟರೆ ಇನ್ನೊಂದು ಸೈಕಲ್ ಹೊತ್ತ ಕಾರು ಹಿಂದೆಯೇ ಬರುತ್ತದೆ. ಬುಕ್ಕಾಂಬುಧಿಯ ಹುಡುಗಿಯ ಹಿಂದೆ ಬರುವುದು ತಂದೆಯ ಚಿಂತೆ ಮಾತ್ರ.

ತೂಕದ ಲಾಭವನ್ನು ಲೆಕ್ಕ ಹಾಕಿ ನೋಡೋಣ. ಎರಡು ಒಳ್ಳೆಯ ಚೌಕಟ್ಟುಗಳ ನಡುವಣ ಅಂತರ ಸುಮಾರು ಅರ್ಧ ಕಿಲೋ. ಸವಾರಳೂ ಸೈಕಲ್ಲೂ ಸೇರಿ 60 ಕಿಲೋ ಎಂದುಕೊಂಡರೆ ಅದು ನೂರಕ್ಕೆ ಒಂದಂಶಕ್ಕಿಂತ ಕಡಿಮೆ. 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಗೆ ಒಂದು ಗಂಟೆ ಏರು ಹತ್ತಿದರೆ ಉಳಿಯುವುದು ಹೆಚ್ಚೆಂದರೆ ಅರ್ಧ ನಿಮಿಷ. ಬಯಲಿನ ದಾರಿಯಲ್ಲಿ ಅಷ್ಟೂ ಇಲ್ಲ; ಅಲ್ಲಿ ಸವಾರನ ಎದುರಾಳಿ ಗಾಳಿ, ತೂಕವಲ್ಲ. ಮೈಗೆ ಹಿತವಾಗುವುದು ಕಾರ್ಬನ್ ಎನ್ನುತ್ತಾರೆ. ಅದರಲ್ಲಿ ಸತ್ಯವಿದೆ. ಆದರೆ ತುಸು ಅಗಲವಾದ ಟೈರು ಹಾಕಿ ಗಾಳಿಯನ್ನು ಹದವಾಗಿ ಇಳಿಸಿದರೆ ಸಿಗುವ ಹಿತ ಅದಕ್ಕಿಂತ ದೊಡ್ಡದು.

ಕೊನೆಯದಾಗಿ, ಕೇಡಿನ ವಿಚಾರ. ಅಲ್ಯೂಮಿನಿಯಂ ಪ್ರತಿಯೊಂದು ಕುಲುಕನ್ನೂ ನೆನಪಿಟ್ಟುಕೊಳ್ಳುವ ಲೋಹ. ದಣಿವು ಅದರಲ್ಲಿ ಕೂಡುತ್ತಾ ಹೋಗಿ, ಬಹುಕಾಲದ ಮೇಲೆ ಬೆಸುಗೆಯ ಬಳಿ ಸಣ್ಣ ಬಿರುಕಾಗಿ ತೋರಬಹುದು. ಊರಿನ ಬೆಸುಗೆಯವನಿಂದ ಅದನ್ನು ಸರಿಪಡಿಸಲಾಗದು, ಏಕೆಂದರೆ ಬೆಸುಗೆಯ ಕಾವಿಗೆ ಲೋಹದ ಹದ ಕೆಡುತ್ತದೆ. ಕಾರ್ಬನ್ ಇಂಥ ದಣಿವನ್ನು ಅದಕ್ಕಿಂತ ಚೆನ್ನಾಗಿ ತಾಳಬಲ್ಲದು; ತಾಳಲಾರದ್ದು ಹೊಡೆತವನ್ನು. ಕಲ್ಲಿಗೆ ಬಡಿದಾಗ ಅಲ್ಯೂಮಿನಿಯಂ ತಗ್ಗಾಗಿ ತನ್ನ ಗಾಯವನ್ನು ತೋರಿಸುತ್ತದೆ. ಕಾರ್ಬನ್ನಿನಲ್ಲಿ ಬಣ್ಣ ಹಾಗೇ ಇದ್ದು ಒಳಗಿನ ಪದರಗಳು ಬಿಟ್ಟುಕೊಂಡಿರಬಹುದು; ಮುಂದೊಂದು ದಿನ ಇಳಿಜಾರಿನಲ್ಲಿ ಅದು ಎಚ್ಚರಿಕೆಯಿಲ್ಲದೆ ಮುರಿಯಬಹುದು. ತಿರುಪನ್ನು ಅಳತೆ ಮೀರಿ ಬಿಗಿದರೂ ಸಾಕು, ಎಳೆ ನಲುಗುತ್ತದೆ. ತಿಳಿದವರ ಕೈಯಲ್ಲಿ ಅದನ್ನು ರಿಪೇರಿ ಮಾಡಿಸಬಹುದು, ಆದರೆ ಅಂಥವರು ಇರುವುದು ದೊಡ್ಡ ನಗರಗಳಲ್ಲಿ. ಯಾರೋ ಬಳಸಿ ಬಿಟ್ಟ ಕಾರ್ಬನ್ ಸೈಕಲ್ಲನ್ನು ಅಗ್ಗವೆಂದು ಕೊಳ್ಳುವವರು ಈ ಮಾತನ್ನು ಮರೆಯಬಾರದು.

ಅಮೃತಮಹಲ್ ದನಗಳ ತಳಿಕೇಂದ್ರವಿರುವ ಸೀಮೆ ಅಜ್ಜಂಪುರ. ಹೋರಿ ಕೊಳ್ಳುವ ರೈತ ಅದರ ಚೆಲುವನ್ನು ನೋಡುವ ಮೊದಲು ತನ್ನ ಹೊಲವನ್ನೂ ದಾರಿಯನ್ನೂ ನೆನೆಯುತ್ತಾನೆ. ನಾನು ಆ ಹುಡುಗಿಗೆ ಹೇಳಿದ್ದೂ ಅದನ್ನೇ: ಚೌಕಟ್ಟು ಅಲ್ಯೂಮಿನಿಯಮ್ಮಿನದಿರಲಿ, ಮುಂದಿನ ಕವಲು ಕಾರ್ಬನ್ನಿನದಾದರೆ ಕೈಗೆ ತಾಗುವ ಅದುರು ತಗ್ಗೀತು, ಉಳಿದ ಹಣ ಒಳ್ಳೆಯ ಟೈರುಗಳಿಗೂ ಪಂದ್ಯಗಳ ಪ್ರಯಾಣಕ್ಕೂ ಆಗಲಿ. ಆಕೆಯ ಮುಖ ಬಾಡಿತು. ಆ ಬಾಡಿದ ಮುಖ ನನ್ನನ್ನು ಬಹಳ ದಿನ ಕಾಡಿತು. ಅರ್ಧ ನಿಮಿಷ ಅಲ್ಪವೆಂದವನು ಪಂದ್ಯ ಓಡಿದವನಲ್ಲವಷ್ಟೆ.

ಮೊನ್ನೆ ಆಕೆ ಬಂದಿದ್ದಳು. ದಾರಿಯಲ್ಲಿ ಬಿದ್ದು ಕೊಳವೆಯಲ್ಲಿ ಹೆಬ್ಬೆರಳಗಲದ ತಗ್ಗಾಗಿತ್ತು. ಅದನ್ನು ಬಲ್ಲವರಿಗೆ ತೋರಿಸಿ, ಭಯವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಮತ್ತೆ ಏರಿದಳಂತೆ. “ಆ ಅರ್ಧ ನಿಮಿಷ ನನಗೆ ಬೇಕಾಗುವ ದಿನ ಬರುತ್ತದೆ, ಸರ್” ಎಂದಳು. ಬರಲಿ. ಅಂದು ಕಾರ್ಬನ್ನಿಗಾಗಿ ಅವಳ ತಂದೆಯೊಡನೆ ವಾದಿಸಲು ನಾನೇ ಹೋಗುತ್ತೇನೆ.

(ಬಾನುಲಿ ಭಾಷಣ)