ಲಾಯರ್ 'ವಾಯಿದೆ ಬಿತ್ತು' ಅಂದ್ರು. ಯಾಕೆ ಬಿತ್ತು? ಊರಿನ ಕೋರ್ಟ್ ಕೇಸನ್ನು ಫೋನಲ್ಲೇ ಓದೋದು ಹೀಗೆ

ಇಯರ್‌ಫೋನ್ ಮನೇಲೇ ಬಿಟ್ಟು ಬಸ್ ಹತ್ತಿದವರಿಗೆ ಈ ವಾರದ ಎಪಿಸೋಡ್‌ನ ಬರಹ ರೂಪ ಇಲ್ಲಿದೆ.

ನಮ್ಮ ಕಡೆ ಬಹಳ ಮನೆಗಳಲ್ಲಿ ಒಂದು ಕೇಸ್ ಇರುತ್ತೆ. ತಾತನ ಜಮೀನು ಭಾಗ ಆಗಿಲ್ಲ ಅನ್ನೋದು, ಪಕ್ಕದವರು ಕಾಂಪೌಂಡ್ ಒತ್ತಿಕೊಂಡರು ಅನ್ನೋದು, ಚಿಕ್ಕಪ್ಪನಿಗೆ ಕೊಟ್ಟ ಚೆಕ್ ಬೌನ್ಸ್ ಆಗಿದ್ದು, ಆ್ಯಕ್ಸಿಡೆಂಟ್ ಪರಿಹಾರದ್ದು. ಅಪ್ಪ ಬೆಳಿಗ್ಗೆ ಬಸ್ ಹಿಡಿದು ತಾಲ್ಲೂಕು ಕೋರ್ಟಿಗೆ ಹೋಗ್ತಾರೆ. ಸಂಜೆ ಬಂದು ಚಪ್ಪಲಿ ಬಿಡ್ತಾ "ವಾಯಿದೆ ಬಿತ್ತು" ಅಂತಾರೆ. ಯಾಕೆ ಅಂತ ಕೇಳಿದರೆ ಉತ್ತರ ಇಲ್ಲ. ಮುಂದಿನ ಸಲ ಏನು ನಡೆಯುತ್ತೆ ಅಂತಲೂ ಗೊತ್ತಿಲ್ಲ, ಲಾಯರ್ ಫೋನ್ ಮಾಡ್ತಾರಂತೆ.

ಆ "ಯಾಕೆ" ಅನ್ನೋದಕ್ಕೆ ಉತ್ತರ ಸಾಮಾನ್ಯವಾಗಿ ನಿಮ್ಮ ಫೋನಲ್ಲೇ ಇದೆ. ಇ-ಕೋರ್ಟ್ಸ್ ಸರ್ವಿಸಸ್ ಅನ್ನೋ ಸರ್ಕಾರಿ ಆ್ಯಪ್ ಮತ್ತು ವೆಬ್‌ಸೈಟ್‌ನಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಕೋರ್ಟುಗಳ ಕೇಸುಗಳ ವಿವರ ಇರುತ್ತೆ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಡ, ನೀವು ಆ ಕೇಸಿನ ಪಾರ್ಟಿನೇ ಆಗಿರಬೇಕು ಅಂತಲೂ ಇಲ್ಲ. ನಾನು ಬಿ.ಕಾಂ. ಓದುವಾಗ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆ್ಯಕ್ಟ್ ಸೆಕ್ಷನ್ 138ನ್ನು ಬಾಯಿಪಾಠ ಮಾಡಿಸಿದ್ದರು. ಆ ಕೇಸ್ ಕೋರ್ಟಿಗೆ ಹೋದಮೇಲೆ ಅದನ್ನ ಹುಡುಕೋದು ಹೇಗೆ ಅಂತ ಯಾರೂ ಹೇಳಿಕೊಡಲಿಲ್ಲ. ಸಿಲಬಸ್‌ನಲ್ಲಿ ಇರಲಿಲ್ಲ, ಏನ್ಮಾಡೋದು.

ಮೊದಲು ಬೇಕಾಗಿರೋದು ಸಿಎನ್ಆರ್ ನಂಬರ್. ಕೇಸಿಗೆ ಆಧಾರ್ ನಂಬರ್ ಇದ್ದ ಹಾಗೆ. ಒಟ್ಟು 16 ಅಕ್ಷರ-ಅಂಕಿ. ಮೊದಲ ಎರಡು ಅಕ್ಷರ ರಾಜ್ಯ, ಕರ್ನಾಟಕಕ್ಕೆ ಕೆಎ. ಆಮೇಲಿನ ಎರಡು ಜಿಲ್ಲೆ, ಬೆಂಗಳೂರು ನಗರ ಆದರೆ ಬಿಸಿ. ಮುಂದಿನ ಎರಡು ಅಂಕಿ ಯಾವ ಕೋರ್ಟ್ ಅನ್ನೋದು, ಆಮೇಲೆ ಆರು ಅಂಕಿಯ ಕ್ರಮಸಂಖ್ಯೆ, ಕೊನೆಗೆ ನಾಲ್ಕು ಅಂಕಿಯ ವರ್ಷ. ಮಧ್ಯೆ ಸ್ಪೇಸ್, ಡ್ಯಾಶ್ ಏನೂ ಹಾಕಬೇಡಿ. ಈ ನಂಬರ್ ಬದಲಾಗಲ್ಲ, ಅದೇ ಇದರ ದೊಡ್ಡ ಲಾಭ. ಕೇಸ್ ಒಬ್ಬ ಜಡ್ಜ್‌ನಿಂದ ಇನ್ನೊಬ್ಬ ಜಡ್ಜ್ ಹತ್ತಿರ ಹೋದರೂ ಇದನ್ನೇ ಹಾಕಿ ನೋಡಬಹುದು. ಮನೇಲಿರೋ ಸಮನ್ಸ್ ಕಾಪಿ ತೆಗೆದು ನೋಡಿ, ಇಲ್ಲಾಂದ್ರೆ ಲಾಯರ್‌ಗೆ "ಸರ್, ನಮ್ಮ ಸಿಎನ್ಆರ್ ಕಳಿಸ್ತೀರಾ" ಅಂತ ಒಂದು ಮೆಸೇಜ್ ಹಾಕಿ. ಅವರು ಬೇಜಾರು ಮಾಡಿಕೊಳ್ಳೋ ವಿಷಯ ಅಲ್ಲ ಇದು.

ಸಿಎನ್ಆರ್ ಸಿಗದಿದ್ದರೆ ಕೇಸ್ ನಂಬರ್. ಜಿಲ್ಲೆ, ಕೋರ್ಟ್ ಕಾಂಪ್ಲೆಕ್ಸ್, ಕೇಸ್ ಟೈಪ್, ನಂಬರ್, ವರ್ಷ ಕೊಡಬೇಕು. ಪಟ್ಟಿಯಲ್ಲಿ ಬೆಂಗಳೂರು ಬೇರೆ, ಬೆಂಗಳೂರು ಗ್ರಾಮಾಂತರ ಬೇರೆ, ನೆನಪಿರಲಿ. ಕೇಸ್ ಟೈಪ್ ಹತ್ತಿರ ಬಹಳ ಜನ ನಿಂತುಬಿಡ್ತಾರೆ. ಓ.ಎಸ್. ಅಂದ್ರೆ ಅಸಲು ದಾವೆ. ಜಮೀನು, ಮನೆ, ಸಾಲ ವಸೂಲಿ ಹೆಚ್ಚಾಗಿ ಇದರಲ್ಲೇ ಬರುತ್ತೆ. ಮ್ಯಾಜಿಸ್ಟ್ರೇಟ್ ಮುಂದಿರೋ ಕ್ರಿಮಿನಲ್ ಕೇಸ್ ಸಿ.ಸಿ., ಸೆಷನ್ಸ್ ಕೇಸ್ ಎಸ್.ಸಿ., ವಾಹನ ಅಪಘಾತ ಪರಿಹಾರ ಎಂ.ವಿ.ಸಿ., ಗಂಡ-ಹೆಂಡತಿ ಕೇಸ್ ಎಂ.ಸಿ. ದಾವೆ ಗೆದ್ದಮೇಲೆ ಡಿಕ್ರಿ ಜಾರಿ ಮಾಡಿಸೋಕೆ ಹಾಕೋ ಅಮಲ್ಜಾರಿ ಅರ್ಜಿಗೆ ಎಕ್ಸ್. ಅಂತ ಬೇರೆ ನಂಬರ್ ಬೀಳುತ್ತೆ, ಅಪೀಲು ಹೋದರೆ ಆರ್.ಎ. ಅಂತ ಇನ್ನೊಂದು. ಪೊಲೀಸ್ ಸ್ಟೇಷನ್‌ನ ಕ್ರೈಂ ನಂಬರ್ ಬೇರೆ, ಕೋರ್ಟಿನ ಸಿ.ಸಿ. ನಂಬರ್ ಬೇರೆ. "ನಂಬರ್ ಹಾಕಿದೆ, ಬೇರೆ ಯಾರದೋ ಕೇಸ್ ಬಂತು" ಅನ್ನೋರು ಹೆಚ್ಚಾಗಿ ಇಲ್ಲೇ ದಾರಿ ತಪ್ಪಿರ್ತಾರೆ. ಫೈಲಿಂಗ್ ನಂಬರ್ ಮತ್ತು ರಿಜಿಸ್ಟ್ರೇಷನ್ ನಂಬರ್ ಕೂಡ ಒಂದೇ ಅಲ್ಲ. ಕೊಟ್ಟ ದಿನ ಬೀಳೋದು ಮೊದಲನೆಯದು, ಕೋರ್ಟ್ ಆಫೀಸಿನವರು ಪರಿಶೀಲಿಸಿ ದಾಖಲು ಮಾಡಿಕೊಂಡಾಗ ಬೀಳೋದು ಎರಡನೆಯದು.

ಸರಿ, ಕೇಸ್ ಸಿಕ್ತು ಅಂದ್ಕೊಳ್ಳಿ. ಸ್ಕ್ರೀನ್ ತುಂಬ ಇಂಗ್ಲಿಷ್. ಆ್ಯಕ್ಟ್ ಅನ್ನೋ ಜಾಗದಲ್ಲಿ ಸಿ.ಪಿ.ಸಿ. ಸೆಕ್ಷನ್ 26, ಆರ್ಡರ್ 7 ರೂಲ್ 1 ಅಂತ ಕಂಡರೆ ಗಾಬರಿ ಬೇಡ. ಅದು ದಾವೆ ಹೂಡೋ ವಿಧಾನದ ಕಲಂ ಅಷ್ಟೇ, ನಿಮ್ಮ ಮೇಲಿನ ಆರೋಪ ಅಲ್ಲ. ಅಲ್ಲಿಂದ ಕೆಳಗೆ ಹೋಗಿ. ಕೇಸ್ ಹಿಸ್ಟರಿ ಅಂತ ಒಂದು ಪಟ್ಟಿ ಇರುತ್ತೆ. ಪ್ರತಿ ಸಾಲಲ್ಲೂ ಜಡ್ಜ್, ಕೇಸ್ ನಡೆದ ತಾರೀಖು, ಮುಂದಿನ ತಾರೀಖು, ಯಾವ ಕಾರಣಕ್ಕೆ ಅನ್ನೋದು. ಆ ಕೇಸ್ ನಡೆದ ತಾರೀಖು ಇದೆಯಲ್ಲ, ಅದನ್ನ ಒತ್ತಿ. ಅದು ಲಿಂಕ್ ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಆ ದಿನ ಕೋರ್ಟಲ್ಲಿ ಏನಾಯ್ತು ಅಂತ ಒಂದೆರಡು ಸಾಲು ತೆರೆದುಕೊಳ್ಳುತ್ತೆ.

ನನ್ನ ಪ್ರಕಾರ ಇಡೀ ಆ್ಯಪ್‌ನಲ್ಲಿ ಬೆಲೆ ಇರೋದು ಈ ಎರಡು ಸಾಲಿಗೆ. "ಪಿ.ಒ. ಆನ್ ಲೀವ್" ಅಂತಿದ್ದರೆ ಜಡ್ಜ್ ರಜೆ, ಯಾರ ತಪ್ಪೂ ಇಲ್ಲ. "ಟೈಮ್ ಪ್ರೇಯ್ಡ್" ಅಂತಿದ್ದರೆ ಯಾವುದೋ ಒಂದು ಕಡೆಯ ಲಾಯರ್ ಕಾಲಾವಕಾಶ ಕೇಳಿದ್ದಾರೆ. ವಾದಿ ಕಡೆಯವರಾ, ಪ್ರತಿವಾದಿ ಕಡೆಯವರಾ ಅಂತ ಓದಿ. ನೀವು ವಾದಿ, ಟೈಮ್ ಕೇಳಿದ್ದೂ ನಿಮ್ಮ ಲಾಯರೇ, ಅದೂ ಸಾಲಾಗಿ ನಾಲ್ಕು ಸಲ ಅಂದ್ರೆ ಒಂದು ಮಾತು ಕೇಳಲೇಬೇಕು. ದಾವೆ ವಿಚಾರಣೆ ಹಂತದಲ್ಲಿ ಒಬ್ಬ ಪಾರ್ಟಿಗೆ ಮೂರಕ್ಕಿಂತ ಹೆಚ್ಚು ಸಲ ಮುಂದೂಡಿಕೆ ಕೊಡಬಾರದು ಅಂತ ಸಿ.ಪಿ.ಸಿ. ಆರ್ಡರ್ 17ರಲ್ಲಿದೆ. ಕೋರ್ಟ್ ಆವರಣದಲ್ಲಿ ಅರ್ಧ ದಿನ ಕೂತವರಿಗೆ ಈ ನಿಯಮ ಎಷ್ಟು ನಡೆಯುತ್ತೆ ಅಂತ ಗೊತ್ತು, ಬಿಡಿ.

ಹಂತ ಅಂದ್ರೆ ಸ್ಟೇಜ್. ಅದನ್ನ ಓದೋಕೆ ಬಂದರೆ ಕೇಸ್ ನಡೀತಿದೆಯಾ, ನಿಂತಿದೆಯಾ ಅಂತ ತಿಳಿಯುತ್ತೆ. ಸಿವಿಲ್ ದಾವೆ ಸಾಮಾನ್ಯವಾಗಿ ಸಮನ್ಸ್, ಹಾಜರಿ, ಪ್ರತಿವಾದಿಯ ಲಿಖಿತ ಹೇಳಿಕೆ, ವಿವಾದಾಂಶ ಅಂದ್ರೆ ಇಶ್ಯೂಸ್, ಸಾಕ್ಷ್ಯ, ವಾದ, ತೀರ್ಪು, ಹೀಗೆ ಸಾಗುತ್ತೆ. ಎರಡು ವರ್ಷದಿಂದ "ಸಮನ್ಸ್" ಇಲ್ಲವೇ "ಸ್ಟೆಪ್ಸ್" ಅಂತಲೇ ಇದ್ದರೆ ಎದುರುಪಾರ್ಟಿಗೆ ನೋಟಿಸೇ ತಲುಪಿಲ್ಲ ಅಂತ ಅರ್ಥ. ಆಗ ಕೇಳಬೇಕಾದ ಪ್ರಶ್ನೆ "ಕೇಸ್ ಏನಾಯ್ತು ಸರ್" ಅಂತ ಅಲ್ಲ. "ಪ್ರೋಸೆಸ್ ಫೀ ಕಟ್ಟಿದ್ದೀವಾ, ಅಡ್ರೆಸ್ ಸರಿ ಇದೆಯಾ" ಅಂತ. ಇಂಥ ಪ್ರಶ್ನೆಗೆ ಬರೋ ಉತ್ತರವೂ ಬೇರೆ ಥರ ಇರುತ್ತೆ. "ಎವಿಡೆನ್ಸ್" ಅಂತಿದ್ದರೆ ಅಪ್ಪ ಸಾಕ್ಷಿ ಹೇಳೋಕೆ, ಪಾಟಿ ಸವಾಲು ಎದುರಿಸೋಕೆ ಹೋಗಲೇಬೇಕಾದ ದಿನ ಅದಾಗಿರಬಹುದು. ಮೊದಲೇ ಕೇಳಿಟ್ಟುಕೊಳ್ಳಿ. ಬರೀ ಸಮನ್ಸ್ ವಾಪಸ್ ಬರೋದಕ್ಕೆ ಕಾಯ್ತಿರೋ ದಿನ ಆದರೆ, ಲಾಯರ್ ಒಪ್ಪಿದರೆ ಆ ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಉಳಿಯುತ್ತೆ. ಐ.ಎ. ಅಂತ ಕಂಡರೆ ದಾವೆ ಒಳಗೇ ಹಾಕಿರೋ ಮಧ್ಯಂತರ ಅರ್ಜಿ. ಅದರ ಜೊತೆ ಆರ್ಡರ್ 39 ರೂಲ್ 1, 2 ಅಂತಿದ್ದರೆ ತಡೆಯಾಜ್ಞೆ ಕೇಳಿದ್ದಾರೆ ಅಂತ.

ಈಗ ಭಯ ಪಡಬೇಕಾದ ಪದ: ಎಕ್ಸ್-ಪಾರ್ಟೆ. ಸಮನ್ಸ್ ತಲುಪಿದರೂ ನೀವು ಬರಲಿಲ್ಲ, ಹಾಗಾಗಿ ನಿಮ್ಮ ಮಾತು ಕೇಳದೆ ಕೇಸ್ ಮುಂದೆ ಹೋಗುತ್ತೆ ಅಂತ. ಸಮನ್ಸ್ ಸಿಕ್ಕ 30 ದಿನದೊಳಗೆ ಲಿಖಿತ ಹೇಳಿಕೆ ಕೊಡಬೇಕು, ಕೋರ್ಟ್ ಒಪ್ಪಿದರೆ 90 ದಿನದವರೆಗೆ. ಏಕಪಕ್ಷೀಯ ಡಿಕ್ರಿ ಆಗಿಹೋಗಿದ್ದರೂ ಅದನ್ನ ರದ್ದು ಮಾಡಿ ಅಂತ ಅದೇ ಕೋರ್ಟಲ್ಲಿ ಅರ್ಜಿ ಹಾಕಬಹುದು, ಅದಕ್ಕೆ 30 ದಿನ. ಸಮನ್ಸ್ ಸರಿಯಾಗಿ ಜಾರಿಯೇ ಆಗಿರಲಿಲ್ಲ ಅಂದ್ರೆ ಡಿಕ್ರಿ ವಿಷಯ ಗೊತ್ತಾದ ದಿನದಿಂದ ಲೆಕ್ಕ. ವಾದಿ ಕಡೆಯೂ ಹೀಗೇ. "ಡಿಸ್ಮಿಸ್ಡ್ ಫಾರ್ ಡಿಫಾಲ್ಟ್" ಅಂದ್ರೆ ನೀವು ಸೋತಿದ್ದಲ್ಲ, ಗೈರುಹಾಜರಾದದ್ದಕ್ಕೆ ಕೇಸ್ ಬಿದ್ದುಹೋಗಿದೆ. ಅದನ್ನ ಎಬ್ಬಿಸೋಕೂ 30 ದಿನವೇ. ಇಷ್ಟು ಚಿಕ್ಕ ಗಡುವಿರುವಾಗ ಆರು ತಿಂಗಳಿಗೊಮ್ಮೆ ಲಾಯರ್‌ಗೆ ಫೋನ್ ಮಾಡಿ ವಿಚಾರಿಸಿಕೊಳ್ಳೋದು ಸಾಲಲ್ಲ. ಆ್ಯಪ್‌ನಲ್ಲಿ ಕೇಸನ್ನು "ಮೈ ಕೇಸಸ್"ಗೆ ಸೇರಿಸಿ, ತಿಂಗಳಿಗೆ ಎರಡು ಸಲ ರಿಫ್ರೆಶ್ ಮಾಡಿ. ಒಂದು ವಿಷಯ, ಆ್ಯಪ್‌ನಲ್ಲಿ ಮಾಹಿತಿ ಹಾಕೋದು ಕೋರ್ಟ್ ಸಿಬ್ಬಂದಿ, ತಡ ಆಗಬಹುದು, ತಾರೀಖೂ ತಪ್ಪಿರಬಹುದು. ಅನುಮಾನ ಬಂದರೆ ಬೆಂಚ್ ಕ್ಲರ್ಕ್ ಹೇಳಿದ್ದೇ ಸರಿ ಅಂದ್ಕೊಳ್ಳಿ.

ಇನ್ನು ಹೆಸರು ಹಾಕಿ ಹುಡುಕೋದು. ಸೈಟ್ ತಗೊಳ್ಳೋ ಮುಂಚೆ ಮಾರೋರ ಮೇಲೆ ಕೇಸ್ ಇದೆಯಾ ನೋಡೋಣ ಅಂತ ಬಹಳ ಜನ ಕೇಳ್ತಾರೆ. ನೋಡಲೇಬೇಕು. ದಾವೆ ನಡೀತಿರುವಾಗ ಅದೇ ಆಸ್ತಿ ಕೊಂಡವರು ಆ ದಾವೆಯ ತೀರ್ಪಿಗೆ ಬದ್ಧರು, ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 52 ಹೇಳೋದು ಅದನ್ನೇ. ಬಾಕಿ ಇರೋ ದಾವೆ ಇ.ಸಿ.ಯಲ್ಲಿ ಸಾಮಾನ್ಯವಾಗಿ ಕಾಣಲ್ಲ. ಆದರೆ ಈ ಹುಡುಕಾಟಕ್ಕೆ ಮಿತಿ ಇದೆ. ಇಲ್ಲಿ ಸರ್ವೆ ನಂಬರ್ ಹಾಕಿ ಹುಡುಕೋಕಾಗಲ್ಲ, ಹೆಸರು ಮತ್ತು ವರ್ಷ ಕೊಡಬೇಕು, ಅಂದ್ರೆ ವರ್ಷ ವರ್ಷಕ್ಕೂ ಬೇರೆ ಬೇರೆ ಹುಡುಕಬೇಕು. ಮೇಲಾಗಿ ನಮ್ಮ ಹೆಸರುಗಳನ್ನ ಇಂಗ್ಲಿಷ್‌ನಲ್ಲಿ ಬರೆಯೋದು ಒಬ್ಬೊಬ್ಬರು ಒಂದೊಂದು ಥರ. ಲಕ್ಷ್ಮಮ್ಮ ಅಂತ ಬರೆಯೋಕೆ ಒಬ್ಬರು ಕೆ-ಎಸ್-ಎಚ್ ಹಾಕಿದರೆ ಇನ್ನೊಬ್ಬರು ಬರೀ ಎಕ್ಸ್. ಮಂಜುನಾಥ್, ಮಂಜುನಾಥ, ಮಂಜುನಾಥಯ್ಯ ಮೂರೂ ಒಬ್ಬರೇ ಆಗಿರಬಹುದು. ಪೂರ್ತಿ ಹೆಸರು ಹೊಡೆಯದೆ ಮೊದಲ ನಾಲ್ಕೈದು ಅಕ್ಷರ ಮಾತ್ರ ಹಾಕಿ, ಪೆಂಡಿಂಗ್ ಮತ್ತು ಡಿಸ್ಪೋಸ್ಡ್ ಎರಡನ್ನೂ ನೋಡಿ, ಮಾರೋರ ಅಣ್ಣತಮ್ಮ, ಅಕ್ಕತಂಗಿಯರ ಹೆಸರಲ್ಲೂ ನೋಡಿ. ಭಾಗದ ದಾವೆ ಹಾಕೋದು ಅವರೇ ತಾನೆ. ಏನೂ ಸಿಗಲಿಲ್ಲ ಅಂದ್ರೆ "ಇಲ್ಲಿ ಸಿಗಲಿಲ್ಲ" ಅಂತ ಮಾತ್ರ ಅರ್ಥ. ತಹಶೀಲ್ದಾರ್, ಎ.ಸಿ. ಕೋರ್ಟಿನ ಕಂದಾಯ ಕೇಸು, ಗ್ರಾಹಕ ಆಯೋಗದ್ದು, ರೇರಾದ್ದು ಇಲ್ಲಿ ಬರಲ್ಲ, ಅವಕ್ಕೆ ಬೇರೆ ವ್ಯವಸ್ಥೆ. ಹೈಕೋರ್ಟಿನದ್ದನ್ನೂ ಬೇರೆಯಾಗಿಯೇ ಹುಡುಕಬೇಕು.

ಹೆಸರು ಸಿಕ್ಕಿತು ಅಂತ ಖುಷಿಪಡೋರೂ ಇದ್ದಾರೆ. ಗಂಡು ನೋಡೋಕೆ ಬಂದವರದು, ಬಾಡಿಗೆಗೆ ಬಂದ ಹುಡುಗನದು, ಆಫೀಸಲ್ಲಿ ಆಗದವರದು. ಅದೇ ಹೆಸರಿನವರು ಅದೇ ತಾಲ್ಲೂಕಲ್ಲಿ ಹತ್ತು ಜನ ಇರ್ತಾರೆ. ಅವರೇ ಅಂತ ಖಚಿತ ಆದರೂ ಸಿ.ಸಿ. ನಂಬರ್ ಇದೆ ಅಂದ್ರೆ ಆರೋಪ ಇದೆ ಅಂತ, ಅಪರಾಧ ಮಾಡಿದ್ದಾರೆ ಅಂತಲ್ಲ. ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಬೇಡಿ. 2017ರ ಜನವರಿಯಲ್ಲಿ ನಮ್ಮ ಹೈಕೋರ್ಟೇ ಒಂದು ಕೇಸಿನಲ್ಲಿ, ಹೆಣ್ಣುಮಗಳೊಬ್ಬರ ಹೆಸರು ಇಂಟರ್ನೆಟ್ ಹುಡುಕಾಟದಲ್ಲಿ ಬರದ ಹಾಗೆ ನೋಡಿಕೊಳ್ಳಿ ಅಂತ ತನ್ನ ರಿಜಿಸ್ಟ್ರಿಗೆ ಸೂಚಿಸಿತ್ತು. ಪೋಕ್ಸೊ ಕೇಸುಗಳಲ್ಲಿ ಮಗುವಿನ ಗುರುತು ಬಯಲು ಮಾಡೋದಂತೂ ಅಪರಾಧ.

ವಾಟ್ಸಾಪ್‌ನಲ್ಲಿ "ಕೋರ್ಟ್ ನೋಟಿಸ್" ಅಂತ ಪಿಡಿಎಫ್ ಬಂದರೂ ಇದೇ ಆ್ಯಪ್ ಉಪಯೋಗಕ್ಕೆ ಬರುತ್ತೆ. ಕೇಸ್ ನಂಬರ್ ಕೇಳಿ, ಯಾವ ಕೋರ್ಟ್ ಅಂತ ಕೇಳಿ, ನೀವೇ ಹುಡುಕಿ. ಅವರು ಕಳಿಸಿದ ಲಿಂಕ್ ಒತ್ತಬೇಡಿ. ಡಿಜಿಟಲ್ ಅರೆಸ್ಟ್ ಅನ್ನೋದು ಕಾನೂನಿನಲ್ಲೇ ಇಲ್ಲ. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ.

ಕೊನೆಯದಾಗಿ ಕಾಪಿ ವಿಷಯ. ಆ್ಯಪ್‌ನಿಂದ ಇಳಿಸಿಕೊಂಡ ಆರ್ಡರ್ ಓದೋಕೆ ಮಾತ್ರ, ಬ್ಯಾಂಕಿಗೆ, ಅಪೀಲಿಗೆ ದೃಢೀಕೃತ ನಕಲು ಬೇಕು. ಅದಕ್ಕೆ ಕೋರ್ಟಿನ ನಕಲು ಶಾಖೆಯಲ್ಲಿ ಅರ್ಜಿ ಹಾಕಿ, ಶುಲ್ಕ ಕಟ್ಟಬೇಕು. ಕೇಸಿಗೆ ಸಂಬಂಧ ಇಲ್ಲದವರು ಯಾಕೆ ಬೇಕು ಅಂತ ಕಾರಣ ಹೇಳಿ ಕೋರ್ಟಿನ ಅನುಮತಿ ಪಡೀಬೇಕು. ಆರ್.ಟಿ.ಐ. ಹಾಕ್ತೀನಿ ಅನ್ನೋರಿಗೆ, ಕೋರ್ಟ್ ದಾಖಲೆಯನ್ನ ಕೋರ್ಟಿನ ನಿಯಮದ ಪ್ರಕಾರವೇ ಪಡೀಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಲಾಯರ್ ಇಡೋಕೆ ಶಕ್ತಿ ಇಲ್ಲದವರು ಕೋರ್ಟ್ ಆವರಣದಲ್ಲೇ ಇರೋ ಕಾನೂನು ಸೇವಾ ಸಮಿತಿ ಆಫೀಸಿಗೆ ಹೋಗಿ. ಹೆಣ್ಣುಮಕ್ಕಳಿಗೆ, ಎಸ್.ಸಿ.-ಎಸ್.ಟಿ.ಯವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗ್ತಾರೆ. ಸಹಾಯವಾಣಿ 15100.