ಹೈಹೀಲಿನ ಆಯುಸ್ಸು, ದುರಸ್ತಿಗಾರನ ಕೈ

ಬೆಂಗಳೂರಿನ ಗಾಂಧಿಬಜಾರು, ಮಲ್ಲೇಶ್ವರ, ಕಮರ್ಷಿಯಲ್ ಸ್ಟ್ರೀಟುಗಳಂತಹ ಜನನಿಬಿಡ ಪೇಟೆಗಳ ಬೀದಿಯಂಚಿನಲ್ಲಿ, ಒಂದು ಕೊಡೆಯನ್ನೋ ಮರದ ನೆರಳನ್ನೋ ಆಶ್ರಯಿಸಿ, ಉಳಿ, ದಬ್ಬಳ, ಇಕ್ಕಳ, ಸುತ್ತಿಗೆ, ಒಂದು ಡಬ್ಬಿ ಸಲ್ಯೂಷನ್ನು ಇವಿಷ್ಟನ್ನೇ ಬಂಡವಾಳವಾಗಿಟ್ಟುಕೊಂಡು ಕುಳಿತಿರುವ ಪಾದರಕ್ಷೆಯ ದುರಸ್ತಿಗಾರರನ್ನು ನಾವು ಚಪ್ಪಲಿಯ ಉಂಗುಷ್ಟ ಕಿತ್ತಾಗ ಮಾತ್ರ ನೆನೆಯುತ್ತೇವೆ. ಆದರೆ ಸಾವಿರಾರು ರೂಪಾಯಿ ತೆತ್ತು ಕೊಂಡ ಹೈಹೀಲಿನ ಜೋಡೊಂದು ವರ್ಷದೊಳಗೆ ಮೂಲೆ ಸೇರುವುದೋ ಹಲವು ವರ್ಷ ಬಾಳುವುದೋ ಎಂಬುದು, ಅದನ್ನು ತಯಾರಿಸಿದ ಕಾರ್ಖಾನೆಯನ್ನು ಎಷ್ಟರಮಟ್ಟಿಗೆ ಅವಲಂಬಿಸಿದೆಯೋ ಅಷ್ಟರಮಟ್ಟಿಗೆ ಇವರ ಹಸ್ತಕೌಶಲವನ್ನೂ, ಸಕಾಲದಲ್ಲಿ ಇವರ ಬಳಿಗೆ ಅದನ್ನು ಒಯ್ಯುವ ಒಡತಿಯ ಎಚ್ಚರವನ್ನೂ ಅವಲಂಬಿಸಿದೆ.

ಎತ್ತರದ ಹಿಮ್ಮಡಿಯು ಮೊದಲು ಹುಟ್ಟಿದ್ದು ಅಲಂಕಾರಕ್ಕಾಗಿ ಅಲ್ಲ. ಪರ್ಷಿಯಾದ ಅಶ್ವಾರೋಹಿಗಳ ಕಾಲು ರಿಕಾಪಿನಿಂದ ಜಾರದಂತೆ ಹಿಡಿದಿಡುತ್ತಿದ್ದ ಈ ಸಾಧನವು, ಹದಿನೇಳನೆಯ ಶತಮಾನದ ಯೂರೋಪಿನಲ್ಲಿ ಪ್ರತಿಷ್ಠೆಯ ಚಿಹ್ನೆಯಾಗಿ, ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಆಸ್ಥಾನದಲ್ಲಿ ಕೆಂಪುಬಣ್ಣ ತಳೆದು, ಕಾಲಕ್ರಮದಲ್ಲಿ ಸ್ತ್ರೀಯರ ಪಾದಕ್ಕೆ ಸಂದಿತು. 1950ರ ದಶಕದಲ್ಲಿ ಬಂದ ಸೂಜಿಮೊನೆಯ ಸ್ಟಿಲೆಟೊ ಹಿಮ್ಮಡಿಯ ಮೇಲೆ ಬೀಳುವ ಭಾರವನ್ನು ಬರಿಯ ಮರವು ತಾಳಲಾರದಾಗಿ, ಅದರೊಳಗೆ ಉಕ್ಕಿನ ಸಲಾಕೆಯನ್ನು ಹುದುಗಿಸಬೇಕಾಯಿತು. ಐವತ್ತು ಕಿಲೋ ತೂಕದ ಹೆಂಗಸೊಬ್ಬಳು ಹೆಜ್ಜೆಯಿಟ್ಟ ಕ್ಷಣದಲ್ಲಿ ಆ ಭಾರದ ಬಹುಪಾಲು ಸುಮಾರು ಒಂದು ಚದರ ಸೆಂಟಿಮೀಟರಿನಷ್ಟು ಜಾಗದ ಮೇಲೆ ಬೀಳುತ್ತದೆ. ಆನೆಯ ಅಗಲವಾದ ಪಾದದಡಿಯಲ್ಲಿ ಅಷ್ಟೇ ಜಾಗಕ್ಕೆ ಬೀಳುವ ಒತ್ತಡವು ಇದಕ್ಕಿಂತ ಎಷ್ಟೋ ಕಡಮೆ. ಈ ಒತ್ತಡವನ್ನೆಲ್ಲ ಹೊತ್ತು ತಾನು ಸವೆದು ಉಳಿದ ಭಾಗವನ್ನು ಉಳಿಸುವುದು ಹಿಮ್ಮಡಿಯ ತುದಿಯಲ್ಲಿರುವ ಚಿಕ್ಕ ಬಿಲ್ಲೆ. ಸವೆಯುವುದೇ ಅದರ ಧರ್ಮವಾದುದರಿಂದ ಅದನ್ನು ಆಗಾಗ ಬದಲಿಸತಕ್ಕದ್ದು.

ಬದಲಿಸುವ ಕಾಲ ಬಂದಿತೆಂಬುದನ್ನು ಕಿವಿಯೇ ತಿಳಿಸುತ್ತದೆ. ಬಿಲ್ಲೆ ಸವೆದು ಅದನ್ನು ಹಿಡಿದಿಡುವ ಉಕ್ಕಿನ ಕಡ್ಡಿ ಕಲ್ಲಿಗೆ ತಾಗತೊಡಗಿದೊಡನೆ ನಡಿಗೆಯ ಮೆತ್ತನೆಯ ಸದ್ದು ಹೋಗಿ ಲೋಹದ ಕರ್ಕಶವಾದ ದನಿ ಕೇಳಿಬರುತ್ತದೆ. ಆಗಲೂ ಉದಾಸೀನ ಮಾಡಿದರೆ ಹಿಮ್ಮಡಿಯ ಪ್ಲಾಸ್ಟಿಕ್ಕೂ ಅದಕ್ಕೆ ಹೊದಿಸಿದ ಚರ್ಮವೂ ತೇಯ್ದು, ಸುಲಭದ ದುರಸ್ತಿ ದುಸ್ಸಾಧ್ಯವಾಗುತ್ತದೆ. ಪಳಗಿದ ದುರಸ್ತಿಗಾರನು ಹಳೆಯ ಬಿಲ್ಲೆಯನ್ನು ಇಕ್ಕಳದಿಂದ ಹಿಡಿದು, ಹಿಮ್ಮಡಿ ಬಿರಿಯದಂತೆ ಮೆಲ್ಲಮೆಲ್ಲನೆ ತಿರುಚುತ್ತ ಕಡ್ಡಿಯ ಸಮೇತ ಹೊರಕ್ಕೆಳೆಯುತ್ತಾನೆ. ರಂಧ್ರವು ಸಡಿಲವಾಗಿದ್ದರೆ ಸಣ್ಣ ಚೂರೊಂದನ್ನು ತುರುಕಿ ಬಿಗಿಮಾಡುತ್ತಾನೆ. ಹಿಮ್ಮಡಿಗಿಂತ ತುಸು ದೊಡ್ಡದಾದ ಹೊಸ ಬಿಲ್ಲೆಯನ್ನು ಆರಿಸಿ ಸುತ್ತಿಗೆಯಿಂದ ನೆಟ್ಟಗೆ ಕೂರಿಸಿ, ಹೊರಚಾಚಿದ ಅಂಚನ್ನು ಉಳಿಯಿಂದ ಸವರಿ, ಅರದಿಂದ ಉಜ್ಜಿ, ಬಣ್ಣ ಹಚ್ಚುತ್ತಾನೆ. ಬಿಲ್ಲೆ ಕೂದಲೆಳೆಯಷ್ಟು ಓರೆಯಾದರೂ ನಡಿಗೆ ಓರೆಯಾಗುವುದೆಂಬ ಅರಿವು ಆತನ ಬೆರಳುಗಳಲ್ಲಿದೆ.

ಅಟ್ಟೆಯ ರಕ್ಷಣೆಯೂ ಇವರ ಕೈಯಲ್ಲೇ ಇದೆ. ಚರ್ಮದ ಅಟ್ಟೆಯ ಮುಂಭಾಗವನ್ನು ಮರಳುಕಾಗದದಿಂದ ತರಿತರಿಯಾಗಿಸಿ, ಸಲ್ಯೂಷನ್ನು ಸವರಿ, ಅದು ಅರೆಯೊಣಗಿ ಅಂಟಂಟಾಗುವವರೆಗೆ ತಾಳ್ಮೆಯಿಂದ ಕಾದು, ತೆಳುವಾದ ರಬ್ಬರಿನ ಹಾಳೆಯನ್ನು ಒತ್ತಿ ಬಡಿದರೆ, ಜಾರುವಿಕೆಯೂ ಸವೆತವೂ ಏಕಕಾಲದಲ್ಲಿ ತಗ್ಗುತ್ತವೆ. ಇದನ್ನು ಜೋಡು ಹೊಸದಾಗಿರುವಾಗಲೇ ಮಾಡಿಸುವುದು ವಿವೇಕ.

ಉಳಿದುದು ಒಡತಿಯ ಕರ್ತವ್ಯ. ಒಂದು ದಿನ ತೊಟ್ಟ ಜೋಡಿಗೆ ಬೆವರಿನ ತೇವ ಆರುವಂತೆ ಮರುದಿನ ವಿಶ್ರಾಂತಿ ಕೊಡಬೇಕು. ಮಳೆಯಲ್ಲಿ ನೆನೆದರೆ ಬಿಸಿಲಿಗಾಗಲಿ ಬೆಂಕಿಯ ಕಾವಿಗಾಗಲಿ ಒಡ್ಡದೆ, ಒಳಗೆ ಹಳೆಯ ಪತ್ರಿಕೆಯ ಹಾಳೆಗಳನ್ನು ತುಂಬಿ ನೆರಳಿನಲ್ಲಿ ಆರಿಸಬೇಕು. ಅತಿಯಾದ ಕಾವಿಗೆ ಚರ್ಮ ಬಿರಿಯುತ್ತದೆ, ಅಂಟು ಬಿಡುತ್ತದೆ. ಕಾರು ನಡೆಸುವಾಗ ಹಿಮ್ಮಡಿಯ ಹಿಂಬದಿ ನೆಲಹಾಸಿಗೆ ಉಜ್ಜಿ ಕೆಡುವುದರಿಂದ ಆಗ ಚಪ್ಪಟೆಯಾದ ಚಪ್ಪಲಿಯೇ ಲೇಸು. ಪಾಲಿಯುರೆಥೇನಿನ ಅಟ್ಟೆಯಂತೂ ಗಾಳಿಯ ತೇವಾಂಶದಿಂದಲೇ ಶಿಥಿಲವಾಗಿ, ತೊಡದೆ ಇಟ್ಟರೂ ವರ್ಷಗಳ ತರುವಾಯ ಪುಡಿಪುಡಿಯಾಗುವುದುಂಟು. ಮಂಗಳೂರು, ಉಡುಪಿಗಳಂತಹ ಕರಾವಳಿಯ ಊರುಗಳಲ್ಲಿ ಜೋಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ ಬಟ್ಟೆಯ ಚೀಲದಲ್ಲಿರಿಸಿ, ಆಗಾಗ ತೊಡುವುದೇ ಕ್ಷೇಮಕರ.

ಇನ್ನು ದುರಸ್ತಿಗಾರರ ಬದುಕಿನ ಮಾತು. ಚರ್ಮಕುಶಲಕರ್ಮಿಗಳ ಅಭ್ಯುದಯಕ್ಕೆಂದು ರಾಜ್ಯ ಸರ್ಕಾರವು 1976ರಲ್ಲಿ ಲಿಡ್ಕರ್ ಎಂಬ ನಿಗಮವನ್ನು ಸ್ಥಾಪಿಸಿತು. ಆದರೆ ಸಂಸ್ಥೆಗಳು ನೀಡುವ ಆಸರೆಯ ಜೊತೆಗೆ ಕಸುಬಿಗೆ ಬೇಕಾದುದು ದಿನದಿನದ ಕೆಲಸ. ಕೈಗೆ ಕೆಲಸವಿಲ್ಲದೆ ಹೋದರೆ ಓರೆಯನ್ನು ಗುರುತಿಸುವ ಆ ಬೆರಳುಗಳ ವಿದ್ಯೆ ಮುಂದಿನ ಪೀಳಿಗೆಗೆ ದಾಟುವುದಾದರೂ ಹೇಗೆ? ಜೋಡಿನ ಬೆಲೆಯ ಒಂದು ಅಲ್ಪಾಂಶವನ್ನು, ಚೌಕಾಸಿಯಿಲ್ಲದೆ, ಸಕಾಲದಲ್ಲಿ ಇವರ ಕೈಗೆ ಸಲ್ಲಿಸುವುದರಿಂದ ಪಾದರಕ್ಷೆಯೂ ಉಳಿಯುತ್ತದೆ, ಅದನ್ನು ಉಳಿಸಬಲ್ಲವರೂ ಉಳಿಯುತ್ತಾರೆ.